ಯಾವುದು ಗದ್ದಲ?



ನಮಗೆ ಬೇಡವಾದದ್ದನ್ನು ಗದ್ದಲ ಎಂದು ಕರೆದು ಒರೆಸಿಹಾಕುವ ಹಕ್ಕು ನಮಗೆ ಎಷ್ಟರಮಟ್ಟಿಗೆ ಇದೆ? ಈ ಪ್ರಶ್ನೆ ನನಗೆ ಎದುರಾದದ್ದು ಶಾಲೆಯಲ್ಲಿ ಮಕ್ಕಳು ತೋಳಿಗೆ ಅಂಟಿಸಿಕೊಂಡಿದ್ದ ಒಂದು ಸಣ್ಣ ಸೆನ್ಸರಿನಿಂದ. ನಾನು ಕನ್ನಡ ಮೇಷ್ಟ್ರು. ಇದರಲ್ಲಿ ತಿಳಿದಷ್ಟನ್ನೂ ಅವರ ಪಕ್ಕದಲ್ಲಿ ಕೂತೇ ಕಲಿತೆ.

ಸ್ನಾಯು ಬಿಗಿದಾಗ ಚರ್ಮದ ಮೇಲೆ ಸಿಗುವ ವಿದ್ಯುತ್ತು ಕೆಲವೇ ಮಿಲಿವೋಲ್ಟ್. ಆರ್ಡುಯಿನೋ ಉನೋ 5 ವೋಲ್ಟನ್ನು 1024 ಮೆಟ್ಟಿಲು ಮಾಡಿ ಓದುತ್ತದೆ, ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಹಾಗಾಗಿ ಸೆನ್ಸರ್ ಆ ಸಣ್ಣ ದನಿಯನ್ನು ಬಹಳ ಪಟ್ಟು ಹಿಗ್ಗಿಸಿ ಕೊಡಬೇಕು. ಜೊತೆಗೆ ನುಸುಳಿದ್ದೂ ಹಿಗ್ಗುತ್ತದೆ. ಪರದೆಯ ಮೇಲೆ ಗೆರೆ ಹುಚ್ಚೆದ್ದು ಕುಣಿಯುವುದು ಅದಕ್ಕೇ.

ಕಾರಣವಿಲ್ಲದೆ ಏನೂ ಹುಟ್ಟುವುದಿಲ್ಲ ಎಂಬುದು ನಮಗೆ ಹೊಸ ಮಾತಲ್ಲ. ಇಲ್ಲಿ ಕಾರಣಗಳು ಕೈಗೆ ಸಿಗುವಂಥವು: ಗೋಡೆಯ ವೈರಿಂಗ್‌ನಿಂದ ಬರುವ 50 ಹರ್ಟ್ಜ್ ಗುಂಯ್‌ಗುಡುವಿಕೆ, ಲ್ಯಾಪ್‌ಟಾಪ್ ಚಾರ್ಜರ್, ಒಣಗಿದ ಜೆಲ್, ಬೆವರು, ತೂಗಾಡುವ ವೈರು. ಮೂರನೆಯ ಎಲೆಕ್ಟ್ರೋಡನ್ನು ಮೊಣಕೈ ಮೂಳೆಯಂಥ ಜಾಗಕ್ಕೆ ಅಂಟಿಸಬೇಕು. ಸ್ನಾಯುವಿನ ಮೇಲೇ ಅಂಟಿಸಿದರೆ ಹೋಲಿಸಿ ನೋಡಲು ನೆಲೆಯೇ ಇರುವುದಿಲ್ಲ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿದರೆ ಅರ್ಧ ಕಾಯಿಲೆ ವಾಸಿ. (ಮೈಗೆ ತಂತಿ ಅಂಟಿಸಿದಾಗ ಕರೆಂಟಿನ ಸಂಪರ್ಕ ಇರಲೇಬಾರದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.)

ಆದರೆ ಮಕ್ಕಳಿಗೆ ಅವಸರ. ಪ್ರೋಗ್ರಾಮಿನಲ್ಲೇ ನೂರು ಅಂಕಿಗಳ ಸರಾಸರಿ ತೆಗೆದರೆ ಗೆರೆ ನಯವಾಗುತ್ತದಲ್ಲ ಎಂದರು. ಆಗುತ್ತದೆ. ಸ್ನಾಯುವಿನ ಹಸಿ ಸಂಕೇತ ಒಂದು ನಡುಗೆರೆಯ ಮೇಲೆ ಕೆಳಗೆ ಏರಿಳಿಯುತ್ತಿರುತ್ತದೆ. ಅದನ್ನು ಹಾಗೆಯೇ ಸರಾಸರಿ ಮಾಡಿದರೆ ಮೇಲಿನದು ಕೆಳಗಿನದನ್ನು ತಿಂದು ಚಪ್ಪಟೆ ಗೆರೆ ಉಳಿಯುತ್ತದೆ. ನೋಡಲು ಬಹಳ ಶಾಂತ, ಆದರೆ ಅದು ಅಳಿಸಿದ ಸ್ಲೇಟಿನ ಶಾಂತಿ. 50 ಹರ್ಟ್ಜನ್ನು ಮಾತ್ರ ಕತ್ತರಿಸುವ ಫಿಲ್ಟರ್ ಹಾಕಿದರೂ ಪೂರ್ತಿ ಪಾರಾಗುವಂತಿಲ್ಲ. ಸ್ನಾಯುವಿನ ದನಿಯ ಹೆಚ್ಚಿನ ಪಾಲು ಸುಮಾರು 50ರಿಂದ 150 ಹರ್ಟ್ಜ್ ನಡುವೆಯೇ ಇರುವುದರಿಂದ ಬೇಡದ್ದರ ಜೊತೆ ಬೇಕಾದದ್ದೂ ಒಂದಿಷ್ಟು ಹೋಗುತ್ತದೆ.

ಕೊನೆಗೆ ಅವರು ಒಂದು ಮಿತಿ ಹಾಕಿದರು: 300ಕ್ಕಿಂತ ಕೆಳಗೆ ಬಂದದ್ದೆಲ್ಲ ಸೊನ್ನೆ. ಕಬಡ್ಡಿ ಆಡುವ ಹುಡುಗರ ತೋಳಿಗೆ ಅದು ಸೊಗಸಾಗಿ ಕೆಲಸ ಮಾಡಿತು. ಆಮೇಲೆ ಬಂದವಳು ಕೈಮುರಿತದ ಪ್ಲಾಸ್ಟರ್ ಬಿಚ್ಚಿಸಿಕೊಂಡು ಕೆಲವೇ ದಿನವಾಗಿದ್ದ ಹುಡುಗಿ. ತಿಂಗಳುಗಟ್ಟಲೆ ಆಡದ ಸ್ನಾಯು ಸೊರಗಿರುತ್ತದೆ. ಹಲ್ಲು ಕಚ್ಚಿ ಮುಷ್ಟಿ ಬಿಗಿದಳು. ಪರದೆಯ ಮೇಲೆ ಸೊನ್ನೆ.

“ಇವಳದು ಬರೀ ನಾಯ್ಸ್ ಸಾರ್” ಎಂದ ಒಬ್ಬ.

ಆ ಹುಡುಗ ಕೆಟ್ಟವನಲ್ಲ, ಯಂತ್ರ ತೋರಿಸಿದ್ದನ್ನು ಹೇಳಿದ. ಆದರೆ ಯಂತ್ರಕ್ಕೆ 300 ಎಂದು ಹೇಳಿಕೊಟ್ಟವರು ಯಾರ ತೋಳನ್ನು ಅಳೆದು ಹೇಳಿದರು? ಅವಳು ಪಟ್ಟ ಶ್ರಮ ಅವರಿಗಿಂತ ಕಡಿಮೆಯದಲ್ಲ, ಬಹುಶಃ ಹೆಚ್ಚಿನದು. ನಮ್ಮ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಎಲ್ಲವನ್ನೂ ದನಿ ಎಂದು ಒಪ್ಪಲೂ ಆಗದು. ಚಾರ್ಜರಿನ ಗುಂಯ್ ಎನ್ನುವುದು ಅವಳ ತೋಳಿನದಲ್ಲ, ಅದನ್ನು ಉಳಿಸಿಕೊಂಡರೆ ಅವಳ ದನಿಯೇ ಮುಚ್ಚಿಹೋಗುತ್ತದೆ. ಒಂದು ಏರಿಳಿತ ಎಲ್ಲಿಂದ ಹುಟ್ಟಿತು ಎಂದು ತೋರಿಸಬಲ್ಲವನು ಅದನ್ನು ತೆಗೆಯಲಿ. ಸಣ್ಣದಾಗಿದೆ ಎಂಬ ಒಂದೇ ಕಾರಣಕ್ಕೆ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ.

ಇದಕ್ಕೆ ಉಪಾಯ ಕಷ್ಟದ್ದೇನಲ್ಲ. ಪ್ರತಿಯೊಬ್ಬರೂ ಮೊದಲು ಕೈಯನ್ನು ಸಡಿಲ ಬಿಟ್ಟಾಗಿನ ಅಂಕಿ, ಆಮೇಲೆ ಶಕ್ತಿಯಿದ್ದಷ್ಟೂ ಬಿಗಿದಾಗಿನ ಅಂಕಿ ತೆಗೆದುಕೊಳ್ಳಬೇಕು. ಮಿತಿ ಆ ಎರಡರ ನಡುವೆ, ಅವರವರದೇ ಅಳತೆಯಲ್ಲಿ. ಹೊಸಬರು ಕೂತಾಗಲೆಲ್ಲ ಮತ್ತೆ ಮಾಡಬೇಕು, ಅರ್ಧ ನಿಮಿಷ ಹಿಡಿಯುತ್ತದೆ. ಪಟದಲ್ಲಿ ನಯಗೊಳಿಸಿದ ಗೆರೆಯ ಕೆಳಗೆ ಹಸಿ ಗೆರೆಯನ್ನೂ ಹಾಕಿ, ಏನೇನು ತೆಗೆದೆವು ಎಂದು ಪಕ್ಕದಲ್ಲಿ ಬರೆಯಬೇಕು.