ಅರ್ಧ ಗಂಟೆಯ ಅಡುಗೆ

"ಸ್ವಾಮಿ, ನಮ್ಮ ಕಾಲದಲ್ಲಿ ಹಂದಿಮಾಂಸ ಅಂದರೆ ಬೆಳಿಗ್ಗೆಯಿಂದಲೇ ಮಸಾಲೆ ಅರೆಯಬೇಕಿತ್ತು. ಈಗ ನೋಡಿ, ಅರ್ಧ ಗಂಟೆ!" ರಾತ್ರಿ ಊಟಕ್ಕೆ ಕರೆದಿದ್ದ ಮನೆಯ ಅಜ್ಜಿ ಸೊಸೆಯ ಎದುರಿಗೇ ಹೇಳಿದರು. ನಾನೂ ನಕ್ಕು ತಲೆಯಾಡಿಸಿದೆ. ಸೊಸೆಯ ಮುಖ ಬಾಡಿತು.

ಆಕೆ ಕೆಲಸ ಮುಗಿಸಿ ಮನೆ ಸೇರಿದ್ದೇ ಏಳಕ್ಕೆ. ಕೊಬ್ಬು ತೆಗೆದ ಮಾಂಸವನ್ನು ತೆಳ್ಳಗೆ ಹೆಚ್ಚಿ, ಉಪ್ಪು, ಕಾಳುಮೆಣಸು, ನಿಂಬೆರಸ ಸವರಿ ಕೆಂಡದ ಮೇಲೆ ಸುಟ್ಟಿದ್ದಳು. ಉದುರಾಗಿ ಬೇಯಿಸಿ ಆರಿಸಿದ ನವಣೆಗೆ ಸೌತೆಕಾಯಿ, ಈರುಳ್ಳಿ, ಕೊತ್ತಂಬರಿ ಬೆರೆಸಿದ್ದಳು. (ಹಂದಿಮಾಂಸ ಒಳಗಿನವರೆಗೂ ಬೆಂದಿರಲೇಬೇಕು, ಅಲ್ಲಿ ಅವಸರ ಸಲ್ಲದು.)

ಪ್ರೀತಿಯನ್ನು ಒಲೆಯ ಮುಂದೆ ಕಳೆದ ಗಂಟೆಗಳಿಂದ ಅಳೆಯಬಹುದೇ? ಸಂತ ಮಹಾ ಗ್ರೆಗೋರಿಯವರನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು ಹೊಟ್ಟೆಬಾಕತನದ ಐದು ಬಗೆಗಳನ್ನು ಹೇಳುತ್ತಾರೆ. ಹೊತ್ತಿಗೆ ಮುಂಚೆ ಉಣ್ಣುವುದು, ದುಬಾರಿಯದನ್ನೇ ಬಯಸುವುದು, ಮಿತಿಮೀರಿ ತಿನ್ನುವುದು, ಗಬಗಬನೆ ನುಂಗುವುದು. ಉಳಿದದ್ದು, ಅಡುಗೆ ಹೀಗೀಗೇ ಆಗಬೇಕೆಂಬ ಅತಿ ನಾಜೂಕು. ಸೆಮಿನರಿಯಲ್ಲಿ ಇದನ್ನು ಬಾಯಿಪಾಠ ಮಾಡಿದವನೇ ನಾನು! ಆರೋಗ್ಯದ ಹೆಸರಿನಲ್ಲಿಯೂ ಇದೇ ನಾಜೂಕು ನುಸುಳುತ್ತದೆ ಎನ್ನಿ. ಎಣ್ಣೆ ಬಿಟ್ಟವರು ಎಣ್ಣೆ ತಿನ್ನುವವರನ್ನು ಕೀಳಾಗಿ ಕಾಣತೊಡಗುತ್ತಾರೆ.

ಅಡುಗೆಯಲ್ಲಿ ಉಳಿಸಿದ ಸಮಯ ಯಾರಿಗೆ ಸಂದಿತು ಎಂದು ಕೇಳುವುದು ಹೆಚ್ಚು ನ್ಯಾಯ. ಟಿ.ವಿ.ಗೆ ಸಂದಿದ್ದರೆ ಅಜ್ಜಿಯ ಮಾತಿನಲ್ಲಿ ಹುರುಳಿದೆ.

ಅಜ್ಜಿಗೆ ಹಲ್ಲಿಲ್ಲ. ಸೊಸೆ ಅವರ ಪಕ್ಕದಲ್ಲೇ ಕುಳಿತು, ಮಾಂಸವನ್ನು ಸಣ್ಣಸಣ್ಣಗೆ ಕತ್ತರಿಸಿ ಅವರ ತಟ್ಟೆಗೆ ಹಾಕುತ್ತಿದ್ದಳು. ತನ್ನ ತಟ್ಟೆ ಇನ್ನೂ ಮುಟ್ಟಿರಲಿಲ್ಲ. ಅದನ್ನು ನಾನು ಗಮನಿಸಿದ್ದು ತಡವಾಗಿ. "ಇನ್ನೊಂದಿಷ್ಟು ನವಣೆ ಇದೆಯೇನಮ್ಮ?" ಎಂದು ಕೇಳಿ ಬಡಿಸಿಕೊಂಡೆ.