ಪರಿಗ್ರಹದ ಮಿತಿ ಮತ್ತು ಇಂದಿನ ಮಾರುಕಟ್ಟೆ

ಸಂಸಾರದಲ್ಲಿರುವವರು ಎಷ್ಟನ್ನು ತಮ್ಮದೆಂದು ಇಟ್ಟುಕೊಳ್ಳಬಹುದು, ಆ ಲೆಕ್ಕವನ್ನು ಯಾರು ಹಾಕಬೇಕು ಎಂಬುದು ಭಾರತದ ಧರ್ಮಚಿಂತನೆ ಬಹುಕಾಲದಿಂದ ಕೇಳುತ್ತ ಬಂದ ಪ್ರಶ್ನೆ. ಸನ್ಯಾಸಿಗೆ ಉತ್ತರ ಸುಲಭ. ಅವನು ಎಲ್ಲವನ್ನೂ ಬಿಟ್ಟವನು. ಕಷ್ಟವಿರುವುದು ಗೃಹಸ್ಥರಿಗೆ. ಒಲೆ ಉರಿಯಬೇಕು, ಮಕ್ಕಳ ಓದು ಸಾಗಬೇಕು, ಹಬ್ಬ ಹುಣ್ಣಿಮೆ ಆಗಬೇಕು, ಬಂಧುಬಳಗದ ಮದುವೆ ಮುಂಜಿಗೆ ಹೋಗಿಬರಬೇಕು. ಇವೆಲ್ಲಕ್ಕೂ ವಸ್ತು ಬೇಕು, ದುಡ್ಡು ಬೇಕು. ಬೇಡವೆಂದು ಕೈಕೊಡವಿ ಎದ್ದುಹೋಗಲಾಗದವರು ಬೇಕುಗಳ ನಡುವೆಯೇ ಒಂದು ಗೆರೆ ಎಳೆದುಕೊಳ್ಳಬೇಕಾಗುತ್ತದೆ. ಕೊಳ್ಳುಬಾಕ ಸಂಸ್ಕೃತಿಯಲ್ಲಿ ಬದುಕುವವರ ದಿನನಿತ್ಯದ ಬೇಸರ, ದಣಿವು, ಮೋಸಹೋದೆವೆಂಬ ಭಾವನೆ, ಇವುಗಳ ಬೇರು ಇರುವುದು ಆ ಗೆರೆ ಅವರ ಕೈತಪ್ಪಿ ಮಾರುವವನ ಕೈಗೆ ಹೋಗಿರುವುದರಲ್ಲಿ.

ಈ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಅತ್ಯಂತ ನಿಷ್ಠುರವಾಗಿ ಎತ್ತಿದವಳು 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ. ಅವಳೂ ಗಂಡ ಮಾರಯ್ಯನೂ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ದಾಸೋಹ, ಅದರಲ್ಲೇ ಇಬ್ಬರ ಊಟ. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗಿಟ್ಟುಕೊಳ್ಳಲಿಲ್ಲ. ಇಷ್ಟೇಕೆ ಬಂತು, ಇದು ಯಾರ ಮನಸ್ಸಿನ ಆಸೆ ಎಂದು ಕೇಳಿ, ಹೆಚ್ಚಿನದನ್ನು ಆಯ್ದ ಜಾಗದಲ್ಲೇ ಸುರಿದು ಬರಲು ಗಂಡನನ್ನು ಹಿಂದಕ್ಕೆ ಕಳಿಸಿದಳು. ಶೂನ್ಯಸಂಪಾದನೆ ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ.

ಇಲ್ಲಿ ಕಳ್ಳತನವಿಲ್ಲ. ಅಕ್ಕಿ ನೆಲದ ಮೇಲೆ ಬಿದ್ದದ್ದು, ಆಯ್ದವನ ಶ್ರಮ ಪ್ರಾಮಾಣಿಕ. ದಂಪತಿ ಉಳ್ಳವರೂ ಅಲ್ಲ. ನಾಳೆಗೊಂದು ಹಿಡಿ ಇರಲಿ ಎಂದು ಎತ್ತಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ನ್ಯಾಯವಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಇಟ್ಟುಕೊಳ್ಳಬಹುದೇ ಎಂಬುದು ಲಕ್ಕಮ್ಮನ ಪ್ರಶ್ನೆ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತನ್ನ ಮನೆಗೆ ದಿನಕ್ಕೆಷ್ಟು ಅಕ್ಕಿ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಅಳತೆ ಗೊತ್ತಿದ್ದುದರಿಂದಲೇ ಹೆಚ್ಚಿಗೆ ಬಂದದ್ದು ಹೊಸ್ತಿಲಲ್ಲೇ ಕಣ್ಣಿಗೆ ಬಿತ್ತು. ಅಳತೆಯೇ ಇಲ್ಲದ ಮನೆಯಲ್ಲಿ ಹೆಚ್ಚು ಯಾವುದು, ಸಾಕಾದದ್ದು ಯಾವುದು ಎಂದು ತಿಳಿಯುವ ಉಪಾಯವಿಲ್ಲ.

ಹೀಗೆ ಮೊದಲೇ ಅಳತೆ ಗೊತ್ತುಮಾಡಿಕೊಳ್ಳುವುದನ್ನು ವ್ರತವಾಗಿ ರೂಪಿಸಿದ್ದು ಜೈನಧರ್ಮ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದನ್ನು ಮುನಿಗಳು ಮಹಾವ್ರತಗಳಾಗಿ ಪೂರ್ಣವಾಗಿ ಪಾಲಿಸುತ್ತಾರೆ. ಶ್ರಾವಕರು, ಎಂದರೆ ಗೃಹಸ್ಥರು, ಅಣುವ್ರತಗಳಾಗಿ ತಮ್ಮ ಶಕ್ತಿಗೆ ತಕ್ಕಷ್ಟು ಪಾಲಿಸುತ್ತಾರೆ. ಗೃಹಸ್ಥರ ಐದನೆಯ ವ್ರತಕ್ಕೆ ಪರಿಗ್ರಹ ಪರಿಮಾಣ ಎಂದು ಹೆಸರು. ಹೊಲ ಮನೆ, ಬೆಳ್ಳಿ ಬಂಗಾರ, ದನ ಧಾನ್ಯ, ಬಟ್ಟೆ ಪಾತ್ರೆ, ಹೀಗೆ ಒಂದೊಂದು ಬಗೆಯಲ್ಲೂ ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಎಂದು ತಾನೇ ಮಿತಿ ಹಾಕಿಕೊಳ್ಳಬೇಕು. ಆ ಮಿತಿ ದಾಟುವುದನ್ನು ಜೈನಗ್ರಂಥ ತತ್ತ್ವಾರ್ಥಸೂತ್ರ ವ್ರತದ ಅತಿಚಾರ, ಎಂದರೆ ದೋಷ, ಎಂದು ಎಣಿಸುತ್ತದೆ. ಅದೇ ಪಟ್ಟಿಯಲ್ಲಿ ದಾಸ ದಾಸಿಯರೂ ಸೇರಿದ್ದಾರೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮನುಷ್ಯರನ್ನು ಆಸ್ತಿಯೆಂದು ಲೆಕ್ಕ ಹಾಕಿದ್ದು ಆ ಕಾಲದ ದೋಷ. ಆದರೆ ಪಟ್ಟಿಯ ಹಿಂದಿನ ವಿವೇಕ ದೊಡ್ಡದು. ಎಷ್ಟು ಎಂಬ ಸಂಖ್ಯೆಯನ್ನು ಶಾಸ್ತ್ರ ಹೇಳುವುದಿಲ್ಲ, ಗುರುವೂ ಹೇರುವುದಿಲ್ಲ. ವರ್ತಕನ ಮಿತಿ ಬೇರೆ, ರೈತನ ಮಿತಿ ಬೇರೆ. ಮಿತಿಯೊಂದು ಇರಲೇಬೇಕು, ಕೊಳ್ಳುವ ಸಂದರ್ಭ ಬರುವ ಮೊದಲೇ ಅದು ನಿಶ್ಚಯವಾಗಿರಬೇಕು ಎಂಬುದಷ್ಟೇ ಕಟ್ಟಳೆ.

ಪರಿಗ್ರಹವೆಂದರೆ ವಸ್ತುವೋ, ವಸ್ತುವಿನ ಮೇಲಿನ ಮೋಹವೋ ಎಂಬ ಚರ್ಚೆಯನ್ನೂ ಈ ಪರಂಪರೆ ಬಿಟ್ಟಿಲ್ಲ. ಮೂರ್ಛೆಯೇ, ಅಂದರೆ ನನ್ನದೆಂಬ ಮಮಕಾರವೇ ಪರಿಗ್ರಹ ಎಂದು ತತ್ತ್ವಾರ್ಥಸೂತ್ರದ ನಿಲುವು. ಹಾಗಾದರೆ ಮೋಹವಿಲ್ಲದೆ ಎಷ್ಟು ವಸ್ತು ಇಟ್ಟುಕೊಂಡರೂ ದೋಷವಿಲ್ಲವೇ? ಆ ಸೂತ್ರಗ್ರಂಥಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಈ ಆಕ್ಷೇಪವನ್ನು ಎದುರಿಸಿ, ಮುಖ್ಯವಾದದ್ದು ಒಳಗಿನ ಮಮಕಾರವೇ ಹೌದು, ಆದರೆ ಹೊರಗಿನ ವಸ್ತು ಆ ಮಮಕಾರಕ್ಕೆ ಕಾರಣವಾಗುವುದರಿಂದ ಅದನ್ನೂ ಪರಿಗ್ರಹವೆಂದೇ ತಿಳಿಯಬೇಕು ಎನ್ನುತ್ತಾರೆ. ಮನಸ್ಸು ಶುದ್ಧವಾಗಿದ್ದರೆ ಸಾಕು, ಬೀರು ತುಂಬಿದ್ದರೇನು ಎಂದು ಸಮಾಧಾನ ಹೇಳಿಕೊಳ್ಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಸಿಕ್ಕುವುದು ಕಷ್ಟ.

ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಮ್ಮೆ ಬಳಸಿ ಬಿಡುವುದು ಭೋಗ, ಅನ್ನದ ಹಾಗೆ. ಮತ್ತೆ ಮತ್ತೆ ಬಳಸುವುದು ಉಪಭೋಗ, ಉಡುವ ಬಟ್ಟೆಯ ಹಾಗೆ. ಗೃಹಸ್ಥರು ಎರಡಕ್ಕೂ ಬೇರೆಬೇರೆಯಾಗಿ ಮಿತಿ ಹಾಕಿಕೊಳ್ಳಬೇಕು. ಇಂದಿನ ಮಾರುಕಟ್ಟೆಯ ದೊಡ್ಡ ಸಾಹಸವೆಂದರೆ ಉಪಭೋಗದ ವಸ್ತುಗಳನ್ನು ಒಂದೊಂದಾಗಿ ಭೋಗದ ಸಾಲಿಗೆ ತಳ್ಳಿರುವುದು. ಮಿಕ್ಸಿ ಜಾರಿನ ವಾಷರ್ ಹರಿದರೆ ಅದೊಂದನ್ನೇ ಹುಡುಕಿ ನಾಲ್ಕು ಅಂಗಡಿ ಅಲೆಯಬೇಕು. ಆ ಮಾಡೆಲ್ ಈಗ ಬರುವುದಿಲ್ಲ, ಹೊಸ ಮಿಕ್ಸಿಯೇ ತೆಗೆದುಕೊಳ್ಳಿ ಎಂಬ ಮಾತು ಕೇಳಿ ಬರಬೇಕು. ಮೊಬೈಲಿನ ಬ್ಯಾಟರಿಯನ್ನು ಬಳಕೆದಾರರು ತೆಗೆಯಲಾಗದಂತೆ ಅಂಟಿಸಿರುತ್ತಾರೆ. ರಿಪೇರಿಗೆ ಕೇಳುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಎಂದಾಗ ಹಳೆಯದು ಕಸಕ್ಕೆ ಬೀಳುತ್ತದೆ.

ಇದು ತಾನಾಗಿ ಆದದ್ದಲ್ಲ. 1924ರಲ್ಲಿ ಜಿನೀವಾದಲ್ಲಿ ಸೇರಿದ ಬಲ್ಬು ತಯಾರಕರ ಫೀಬಸ್ ಕೂಟ ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ಇಳಿಸಲು ಒಪ್ಪಂದ ಮಾಡಿಕೊಂಡಿತು. ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದ ಕಂಪನಿ ಕೂಟಕ್ಕೆ ದಂಡ ಕಟ್ಟಬೇಕಿತ್ತು. ಬಾಳಿಕೆ ಬರುವ ವಸ್ತು ಮಾಡುವುದೇ ಅಪರಾಧವಾದ ಇತಿಹಾಸವಿದು. ಭಾರತ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಬೇಕಾಗಿ ಬಂದದ್ದು, ಜನರು ತಾವು ಕೊಂಡ ವಸ್ತುವನ್ನು ಸರಿಮಾಡಿಸಿಕೊಳ್ಳುವುದೂ ಹಕ್ಕೆಂದು ಹೇಳಬೇಕಾದ ಕಾಲ ಬಂದಿರುವುದಕ್ಕೆ ಸಾಕ್ಷಿ.

ಹಳೆಯದರ ಜಾಗಕ್ಕೆ ಹೊಸದನ್ನು ತರುವ ಈ ವ್ಯಾಪಾರವನ್ನು ನೋಡಿದಾಗ ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗ ನೆನಪಾಗುತ್ತದೆ. ಮುಂದೆ ಮೊದಲ ತೀರ್ಥಂಕರನಾಗುವ ವೃಷಭನಾಥನ ಆಸ್ಥಾನದಲ್ಲಿ ಕುಣಿಯುತ್ತಿದ್ದ ದೇವನರ್ತಕಿ ನೀಲಾಂಜನೆ ಆಯುಸ್ಸು ಮುಗಿದು ನೃತ್ಯದ ನಡುವೆಯೇ ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಅವಳಂಥವಳೇ ಇನ್ನೊಬ್ಬಳನ್ನು ನಿರ್ಮಿಸುತ್ತಾನೆ. ಸಭೆ ನೋಡುತ್ತಲೇ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ವೃಷಭನಾಥನೊಬ್ಬನಿಗೆ ತಿಳಿಯುತ್ತದೆ, ಅವನ ವೈರಾಗ್ಯ ಅಲ್ಲಿಂದ ಮೊದಲಾಗುತ್ತದೆ. ನರ್ತಕಿಯ ಸಾವಿಗಿಂತ ಹೆಚ್ಚಾಗಿ, ಸತ್ತದ್ದೇ ಗೊತ್ತಾಗದಂತೆ ಅವಳ ಜಾಗ ತುಂಬಿಬಿಟ್ಟದ್ದು ಓದುಗರನ್ನು ಕಲಕುತ್ತದೆ. ಹಳೆಯದು ಹೋದದ್ದು ಅರಿವಿಗೆ ಬರುವ ಮೊದಲೇ ಹೊಸದನ್ನು ತಂದು ನಿಲ್ಲಿಸುವುದೇ ಇಂದಿನ ವ್ಯಾಪಾರದ ಕೌಶಲ. ಅರಿವು ಹುಟ್ಟಲು ಬೇಕಾದ ಬಿಡುವನ್ನು ಅದು ಉಳಿಸುವುದಿಲ್ಲ.

ಬಿಡುವು ಇಲ್ಲವಾಗಿರುವುದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಆನ್‌ಲೈನ್ ಖರೀದಿಯಲ್ಲಿ. ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಸಾಮಾನು, ಕಂತಿನಲ್ಲಿ ಕಟ್ಟಬಹುದಾದ ಬೆಲೆ, ಬೆರಳು ಒತ್ತಿದರೆ ಮುಗಿಯುವ ಪಾವತಿ, ಇವು ಬೇಕೆನ್ನಿಸುವುದಕ್ಕೂ ಕೊಳ್ಳುವುದಕ್ಕೂ ನಡುವಿನ ಅಂತರವನ್ನೇ ಅಳಿಸಿವೆ. ಇದರ ಮೇಲೆ ಮೋಸದ ವಿನ್ಯಾಸಗಳು ಬೇರೆ. ಇನ್ನೆರಡೇ ಉಳಿದಿವೆ ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರಿದ ವಿಮೆ, ಕೊನೆಯ ಪುಟದಲ್ಲಿ ಕಾಣಿಸುವ ಶುಲ್ಕ, ಬೇಡ ಎನ್ನುವವರಿಗೆ ನಾಚಿಕೆಯಾಗುವಂತೆ ಬರೆದ ಗುಂಡಿ, ಸೇರುವುದು ಸುಲಭವಾಗಿ ಬಿಡುವುದು ಕಷ್ಟವಾದ ಚಂದಾ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಕಾನೂನು ಬೇಕೇ ಬೇಕು. ಆದರೆ ಮೋಸವಿಲ್ಲದೆ ಮಾರಿದ ಅನವಶ್ಯಕ ವಸ್ತುವಿನ ವಿಷಯದಲ್ಲಿ ಕಾನೂನಿಗೆ ಹೇಳಲು ಏನೂ ಇಲ್ಲ. ಲಕ್ಕಮ್ಮನ ಪ್ರಶ್ನೆ ಮೊದಲಾಗುವುದೇ ಕಾನೂನಿನ ಕೆಲಸ ಮುಗಿದ ಮೇಲೆ.

ಮಿತಿ ಹಾಕಿಕೊಂಡರೆ ಸುಖ ಕಡಿಮೆಯಾಗುವುದಿಲ್ಲವೇ ಎಂಬ ಸಂದೇಹ ಸಹಜ. ತೈತ್ತಿರೀಯ ಉಪನಿಷತ್ತಿನ ಆನಂದಮೀಮಾಂಸೆ ಸುಖವನ್ನು ಹೀಗಳೆಯದೆ ಅಳೆಯುತ್ತದೆ. ಯೌವನ, ವಿದ್ಯೆ, ದೇಹಬಲ ಎಲ್ಲ ಇರುವ ಒಬ್ಬ ತರುಣನಿಗೆ ಭೂಮಿಯ ಸಂಪತ್ತೆಲ್ಲ ದೊರೆತರೆ ಆಗುವ ಆನಂದ ಅದರ ಮೊದಲ ಅಳತೆ. ಅಲ್ಲಿಂದ ನೂರು ನೂರು ಪಟ್ಟು ಏರುತ್ತ ಗಂಧರ್ವರು, ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು ಬ್ರಹ್ಮಾನಂದದವರೆಗೆ ಲೆಕ್ಕ ಹೋಗುತ್ತದೆ. ಮನುಷ್ಯಾನಂದದ ಮೊದಲ ಮೆಟ್ಟಿಲು ದಾಟಿದ ಮೇಲೆ ಪ್ರತಿ ಮೆಟ್ಟಿಲಿನಲ್ಲೂ ಉಪನಿಷತ್ತು ಒಂದು ಮಾತು ಸೇರಿಸುತ್ತದೆ: ಕಾಮನೆಯ ಹೊಡೆತಕ್ಕೆ ಸಿಕ್ಕದ ಜ್ಞಾನಿಗೂ ಅಷ್ಟೇ ಆನಂದವಿದೆ. ಇಂದ್ರ ಪದವಿಯಿಂದ ಪಡೆಯುವುದನ್ನು ಅವನು ಪದವಿಯಿಲ್ಲದೆ ಪಡೆಯುತ್ತಾನೆ. ಬಯಕೆ ತೀರಿದ ಕ್ಷಣದ ನೆಮ್ಮದಿ ಹುಟ್ಟುವುದು ಬಯಕೆ ಇಲ್ಲವಾದದ್ದರಿಂದಲೇ ಹೊರತು ವಸ್ತುವಿನಿಂದಲ್ಲ ಎಂಬ ವೇದಾಂತಿಗಳ ವಾದಕ್ಕೆ ಈ ಲೆಕ್ಕ ಒದಗಿಬರುತ್ತದೆ. ಹೊಸ ಫೋನು ಕೈಗೆ ಬಂದ ದಿನದ ಸಂತೋಷ ಕೆಲವು ವಾರಗಳಲ್ಲಿ ಎಲ್ಲಿ ಹೋಯಿತೆಂದು ಬೆರಗಾಗುವವರು ಈ ವಾದವನ್ನು ಅನುಭವದಿಂದಲೇ ಬಲ್ಲರು.

ಇಷ್ಟಾದರೂ ವಸ್ತುಗಳನ್ನು ಒಟ್ಟಾಗಿ ಜರೆಯುವುದು ಅನ್ಯಾಯ. ಒರಳುಕಲ್ಲು, ಬೀಸುಕಲ್ಲುಗಳ ಮುಂದೆ ಹೆಣ್ಣುಮಕ್ಕಳ ಆಯುಸ್ಸು ಸವೆಯುತ್ತಿತ್ತು. ಸೌದೆ ಒಲೆಯ ಹೊಗೆ ಅವರ ಕಣ್ಣನ್ನೂ ಎದೆಯನ್ನೂ ಹಾಳುಮಾಡುತ್ತಿತ್ತು. ಮಿಕ್ಸಿ, ಗ್ಯಾಸ್ ಒಲೆ ಬಂದದ್ದು ಅವರಿಗೆ ಬಿಡುಗಡೆ. 1991ರ ಉದಾರೀಕರಣಕ್ಕೆ ಮೊದಲು ಟೆಲಿಫೋನಿಗೂ ಸ್ಕೂಟರಿಗೂ ವರ್ಷಗಟ್ಟಲೆ ಕಾದವರು ಆ ಕಾಲ ಮರಳಲಿ ಎಂದು ಬಯಸುವುದಿಲ್ಲ. ಇನ್ನು, ಹೊತ್ತಿನ ಊಟಕ್ಕೆ ದುಡಿಯುವ ಕೂಲಿಯವರಿಗೆ ತೃಪ್ತಿಯ ಉಪದೇಶ ಮಾಡುವುದು ಕ್ರೌರ್ಯ. ಧರ್ಮದ ಹೆಸರಿನಲ್ಲಿ ಆ ಕ್ರೌರ್ಯ ಬಹಳ ಕಾಲ ನಡೆದಿದೆ. ಲಕ್ಕಮ್ಮನಂಥ ಶರಣರ ದಾರಿ ಬೇರೆಯಾದದ್ದು ಇಲ್ಲಿಯೇ. ಕಾಯಕ ಎಲ್ಲರಿಗೂ, ದಾಸೋಹವೂ ಎಲ್ಲರಿಗೂ. ಲಕ್ಕಮ್ಮ ಹಿಂದಕ್ಕೆ ಕಳಿಸಿದ ಅಕ್ಕಿ ಇನ್ನೊಬ್ಬರ ಪಾಲಿಗೆ ಉಳಿಯಿತು. ಮಿತಿಯ ಮಾತು ಹಂಚಿಕೆಯ ಮಾತಿನಿಂದ ಬೇರೆಯಾದರೆ ಅದು ಬರಿಯ ಜಿಪುಣತನವಾಗುತ್ತದೆ.

ಕೊಳ್ಳುವುದು ಎಷ್ಟೋ ಸಲ ಬಳಕೆಗಿಂತ ನಾಲ್ಕು ಜನರ ಕಣ್ಣಿಗಾಗಿ. ತೋರಿಕೆಯ ಈ ಬಳಕೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೈನ್ ವೆಬ್ಲೆನ್ 1899ರಲ್ಲೇ ವಿವರವಾಗಿ ವಿಶ್ಲೇಷಿಸಿದ್ದ. ಕರ್ನಾಟಕದಲ್ಲಿ ಅದರ ಭಾರ ಎಲ್ಲಕ್ಕಿಂತ ಹೆಚ್ಚಾಗಿ ಬೀಳುವುದು ಮದುವೆಗಳಲ್ಲಿ. ಒಂದು ದಿನದ ವೈಭವಕ್ಕೆ ಮಾಡಿದ ಸಾಲ ವರ್ಷಗಟ್ಟಲೆ ತೀರುವುದಿಲ್ಲ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಸರಳ ವಿವಾಹ ಇದಕ್ಕೆ ಕನ್ನಡದವರೇ ಕಂಡುಕೊಂಡ ಪರಿಹಾರ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅವರು ಹಾಗೆಯೇ ನಡೆಸಿದರು.

ಹಬ್ಬಗಳಿಗೂ ಇದೇ ಗತಿ ಬಂದಿದೆ. ಅಕ್ಷಯ ತೃತೀಯೆಯ ದಿನ ಬೆಳಗಾಗುತ್ತಲೇ ಚಿನ್ನದ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ಅಂದು ಕೊಂಡ ಬಂಗಾರ ಅಕ್ಷಯವಾಗುತ್ತದೆ ಎಂದು ಜಾಹೀರಾತುಗಳು ನಂಬಿಸಿವೆ. ಆ ದಿನ ಮಾಡಿದ ದಾನ, ಜಪಗಳ ಫಲ ಕ್ಷಯಿಸುವುದಿಲ್ಲ ಎಂಬುದು ಹಳೆಯ ನಂಬಿಕೆ. ಜೈನರಿಗೆ ಅದು, ದೀರ್ಘ ಉಪವಾಸದ ನಂತರ ಹಸ್ತಿನಾಪುರದಲ್ಲಿ ಶ್ರೇಯಾಂಸ ಕೊಟ್ಟ ಕಬ್ಬಿನ ರಸವನ್ನು ವೃಷಭನಾಥ ಸ್ವೀಕರಿಸಿದ ದಿನ, ಆಹಾರದಾನದ ದಿನ. ಬಸವ ಜಯಂತಿಯೂ ಅದೇ ತಿಥಿಗೆ ಬರುತ್ತದೆ. ಕೊಡುವುದರ ನೆನಪಿಗೆ ಮೀಸಲಾದ ದಿನ ಕೊಳ್ಳುವ ದಿನವಾಗಿರುವುದು ಧರ್ಮಕ್ಕಾದ ನಷ್ಟ. ಅದನ್ನು ಮಠಗಳೂ ಬಸದಿಗಳೂ ಗಟ್ಟಿಯಾಗಿ ಹೇಳಬೇಕು.

ಮಿತಿಯ ಅಭ್ಯಾಸ ಈ ನಾಡಿನ ಮನೆಗಳಿಗೆ ಹೊಸದಲ್ಲ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ಕ್ರಮವಾಗಿ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯ ಬಿಡುವ ವ್ರತ ಇಂದಿಗೂ ನಡೆಯುತ್ತಿದೆ. ಇದ್ದದ್ದನ್ನು ಕೆಲಕಾಲ ಬಿಟ್ಟು, ಅದಿಲ್ಲದೆಯೂ ಅಡುಗೆ ಆಗುತ್ತದೆ ಎಂದು ಮನೆಮಂದಿಯೆಲ್ಲ ಕಂಡುಕೊಳ್ಳುವ ಕ್ರಮವಿದು. ಸಮಂತಭದ್ರರು ಭೋಗೋಪಭೋಗದ ಮಿತಿಯಲ್ಲಿ ಎರಡು ಬಗೆ ಹೇಳುತ್ತಾರೆ: ಬದುಕಿರುವವರೆಗಿನದು ಯಮ, ಕಾಲ ಗೊತ್ತುಮಾಡಿಕೊಂಡದ್ದು ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ತಿಂಗಳು, ಋತು, ಅಯನ, ಯಾವುದಾದರೂ ಆಗಬಹುದು. ಮುಂದಿನ ಆಷಾಢದಿಂದ ನಾಲ್ಕು ತಿಂಗಳು ಹೊಸ ಬಟ್ಟೆ, ಹೊಸ ಸಲಕರಣೆ ಕೊಳ್ಳುವುದಿಲ್ಲ, ಕೆಟ್ಟದ್ದನ್ನು ರಿಪೇರಿ ಮಾಡಿಸುತ್ತೇವೆ, ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಅನ್ನಕ್ಕೋ ಓದಿಗೋ ಕೊಡುತ್ತೇವೆ ಎಂದು ಮನೆಯವರೆಲ್ಲ ಕುಳಿತು ನಿಶ್ಚಯಿಸಿದರೆ, ಅದೂ ಶಾಸ್ತ್ರ ಒಪ್ಪುವ ನಿಯಮವೇ.