ಹದ್ದಿನ ರೆಕ್ಕೆ, ನಮ್ಮ ಅಣುವ್ರತ

ಜೈನರಲ್ಲಿ ಗೃಹಸ್ಥರಿಗೆ ಹೇಳಿದ ಅಹಿಂಸೆ ಮುನಿಗಳದ್ದಷ್ಟು ಕಠಿಣವಲ್ಲ. ಅಡುಗೆ ಮಾಡುವಾಗ, ಕಸ ಗುಡಿಸುವಾಗ ಆಗುವುದು ಆರಂಭಿ ಹಿಂಸೆ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವುದು ವಿರೋಧಿ. ಈ ಮೂರನ್ನೂ ಸಂಸಾರಿಗಳು ಪೂರ್ತಿ ಬಿಡಲಾರರು. ಆದರೆ ಕೊಲ್ಲಬೇಕೆಂದೇ ಮನಸ್ಸು ಮಾಡಿ ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಮಾತ್ರ ಬಿಡಲೇಬೇಕು, ಅದೇ ಅಣುವ್ರತ. ಮೂಡುಬಿದಿರೆಯ ನಮ್ಮ ಮನೆಯಲ್ಲಿ ಅಜ್ಜಿ ಅಕ್ಕಿ ಆರಿಸುತ್ತಾ ಮಕ್ಕಳಿಗೆ ಇದನ್ನು ಹೇಳಿಕೊಡುತ್ತಿದ್ದರು. ಹುಳು ಸಿಕ್ಕರೆ ಹಿತ್ತಲಿಗೆ ಒಯ್ದು ಬಿಡುವುದು ನಮ್ಮ ಕೆಲಸ. ಬೆಂಗಳೂರಿಗೆ ಬಂದು, ಗಾಯಗೊಂಡ ಹಕ್ಕಿಗಳನ್ನು ಆಸ್ಪತ್ರೆಗೆ ಮುಟ್ಟಿಸುವವರ ಜೊತೆ ಸೇರಿದ ಮೇಲೆ, ಅಷ್ಟು ಸರಳವಾಗಿದ್ದ ಆ ಪಾಠ ನನ್ನ ನಿದ್ದೆ ಕೆಡಿಸಿದೆ.

ಆಷಾಢದ ಗಾಳಿ ಎದ್ದಿತೆಂದರೆ ನಮಗೆ ಕರೆಗಳ ಮೇಲೆ ಕರೆ. ಗಾಳಿಪಟದ ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಮಾರಾಟ ನಿಂತಿಲ್ಲ. ಮರಗಳಿಗೆ ಸುತ್ತಿಕೊಂಡ ದಾರ ಆಟ ಮುಗಿದ ಎಷ್ಟೋ ತಿಂಗಳ ನಂತರವೂ ಹಕ್ಕಿಗಳನ್ನು ಕೊಯ್ಯುತ್ತಲೇ ಇರುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ನಮ್ಮ ನಗರದ ಹದ್ದುಗಳು. ಭುಜದಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ತೆಳುವಾದ ಚರ್ಮದ ಪೊರೆ ಇರುತ್ತದೆ, ಅದರೊಳಗೆ ರೆಕ್ಕೆಯನ್ನು ಬಿಗಿಯಾಗಿ ಹಿಡಿದಿಡುವ ಸ್ನಾಯುರಜ್ಜು. ಪೊರೆ ಮಾತ್ರ ಹರಿದಿದ್ದರೆ ಹೊಲಿಗೆ ಹಾಕಿ ಕಾಯಬಹುದು. ರಜ್ಜು ತುಂಡಾದರೆ ಹಕ್ಕಿ ಮತ್ತೆ ಹಾರುವ ಭರವಸೆ ಕಡಿಮೆ.

ಹೊಂಗೆ ಮರದಿಂದ ಇಳಿಸಿ ತಂದಿದ್ದ ಒಂದು ಹದ್ದು ನನಗೆ ಮರೆಯದು. ದಾರ ಮೊಣಕೈ ಕೀಲಿನವರೆಗೂ ಇಳಿದಿತ್ತು. ಹೊರಗೆ ಚಾಚಿದ್ದ ಮೂಳೆಯ ತುದಿ ಒಣಗಿ ಕಪ್ಪಾಗಿತ್ತು, ಗಾಯದ ಅಂಚಿನಲ್ಲಿ ನೊಣಗಳು ಇಟ್ಟ ಬಿಳಿ ಮೊಟ್ಟೆಗಳು. ಕೊಕ್ಕು ತೆರೆದು ಉಸಿರಾಡುತ್ತಿತ್ತು, ದನಿಯಿಲ್ಲ. ಕಾಡಿನ ಹಕ್ಕಿ ನೋವನ್ನು ತೋರಿಸಿಕೊಳ್ಳುವುದಿಲ್ಲ, ತೋರಿಸಿಕೊಂಡರೆ ಇನ್ನೊಂದು ಪ್ರಾಣಿಗೆ ತುತ್ತಾಗುತ್ತದೆ. ವೈದ್ಯರು ಎಕ್ಸ್‌ರೇ ನೋಡಿ ಹೇಳಿದರು: ಮೂಳೆ ನಡುವೆ ಮುರಿದು ಗಾಯ ಹೊಸದಾಗಿದ್ದರೆ ಪಿನ್ ಹಾಕಿ ಕಟ್ಟಬಹುದಿತ್ತು, ಹಕ್ಕಿಯ ಮೂಳೆ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಇಲ್ಲಿ ಕೀಲೇ ಚೂರಾಗಿದೆ. ರೆಕ್ಕೆ ಕತ್ತರಿಸಿ ಬದುಕಿರುವಷ್ಟು ಕಾಲ ಪಂಜರದಲ್ಲಿಡಬೇಕು, ಇಲ್ಲವೇ ಮಂಪರು ಕೊಟ್ಟು ಸಾವಿನ ಇಂಜೆಕ್ಷನ್. ಹದ್ದು ಇಪ್ಪತ್ತು ವರ್ಷದವರೆಗೂ ಬದುಕಬಲ್ಲದು.

ನಮ್ಮ ಪರಂಪರೆಯಲ್ಲಿ ಇಂಥ ಹೊತ್ತಿಗೆ ಒಂದು ದಾರಿ ಇದೆ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಪಂಚನಮಸ್ಕಾರ ಮಂತ್ರ ಹೇಳಿದ. ಉರಿಯುವ ಕೊರಡಿನಲ್ಲಿ ಬೆಂದ ಹಾವುಗಳಿಗೆ ಪಾರ್ಶ್ವನಾಥ ಹೇಳಿದ, ಅವೇ ಮುಂದೆ ಧರಣೇಂದ್ರ, ಪದ್ಮಾವತಿ ಎಂಬ ಯಕ್ಷ ಯಕ್ಷಿಯರಾದರು. ಹೊಂಬುಜಕ್ಕೆ ಹೋಗಿ ಪದ್ಮಾವತಿಗೆ ಕೈಮುಗಿಯುವವರೆಲ್ಲ ಬಲ್ಲ ಕಥೆ. ಈ ಕಥೆಗಳಲ್ಲಿ ಯಾರೂ ಕೊಲ್ಲಲಿಲ್ಲ. ನಮ್ಮ ಮನೆಯ ಹಿರಿಯರು ಹೇಳುವುದೂ ಅದನ್ನೇ: ಅದರ ಕರ್ಮ ಅದು ಸವೆಸಲಿ, ನೀನು ಮಂತ್ರ ಹೇಳು. ನಾನು ಮಂತ್ರ ಹೇಳುತ್ತೇನೆ, ಮನಸಾರೆ ಹೇಳುತ್ತೇನೆ. ಆದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 7ನೇ ಶತಮಾನದಿಂದ ಶಾಸನಗಳಾಗಿ ನಿಂತಿರುವ ಸಲ್ಲೇಖನ, ಉಪವಾಸವಿದ್ದು ದೇಹ ಬಿಡುವುದು, ತಿಳಿದು, ಒಪ್ಪಿ, ತಾವೇ ತೊಟ್ಟ ವ್ರತ. ಹದ್ದು ಯಾವ ವ್ರತವನ್ನೂ ತೊಟ್ಟಿಲ್ಲ. ಹುಳು ಬಿದ್ದ ಗಾಯದಲ್ಲಿ, ಅನ್ನ ನೀರಿಲ್ಲದೆ ಅದು ಸವೆಯುವುದಕ್ಕೆ ನಾವು ವ್ರತದ ಗೌರವ ಕೊಡಲಾಗದು.

ಇಂಥದೇ ಇಕ್ಕಟ್ಟಿನಲ್ಲಿ, ಸಾಬರಮತಿ ಆಶ್ರಮದಲ್ಲಿ 1928ರಲ್ಲಿ ನರಳುತ್ತಿದ್ದ ಒಂದು ಕರುವಿಗೆ ಗಾಂಧೀಜಿ ಸಾವಿನ ಇಂಜೆಕ್ಷನ್ ಕೊಡಿಸಿದರು. ಜೈನರಿಂದ ಸಿಟ್ಟಿನ ಪತ್ರಗಳು ಬಂದವು. ತನ್ನ ಸ್ವಾರ್ಥವಿಲ್ಲದೆ, ಪ್ರಾಣಿಯ ನೋವು ಕಳೆಯಲೆಂದೇ ಮಾಡಿದ್ದರಿಂದ ಇದೂ ಅಹಿಂಸೆಯೇ ಎಂಬುದು ಅವರ ವಾದ. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ, ವಾದದ ಕೊನೆಯವರೆಗೂ ಹೋಗಲಾರೆ. ಜನ್ನನ ಯಶೋಧರ ಚರಿತೆ ಓದಿ ಬೆಳೆದವಳು ನಾನು. ಅಲ್ಲಿ ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ. ಒಂದು ಹನಿ ರಕ್ತ ಬೀಳಲಿಲ್ಲ, ಆದರೂ ಅವನೂ ಅವನ ತಾಯಿಯೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ನರಳಿದರು. ಸಂಕಲ್ಪವೇ ಅಷ್ಟು ಭಾರ. ಇಲ್ಲಿ ನಾನು ಒಪ್ಪಿಗೆ ಕೊಡುತ್ತಿರುವುದು ಜೀವವಿರುವ ಹಕ್ಕಿಯ ಸಾವಿಗೆ. ಅದು ಹಿಂಸೆ, ಸಂಕಲ್ಪಿ ಹಿಂಸೆ. ಅದರ ಹೊಣೆ ನನ್ನದು. ಅದು ಗೊತ್ತಿದ್ದೇ ಒಪ್ಪುತ್ತೇನೆ. ನನ್ನ ಲೆಕ್ಕ ಚೊಕ್ಕವಾಗಿರಲೆಂದು ಹದ್ದನ್ನು ನರಳಲು ಬಿಡುವುದು, ಅದರ ನೋವಿನಿಂದ ನನ್ನ ಪುಣ್ಯ ಕೊಂಡಂತೆ.

ಉಳಿಸುವ ಕೆಲಸವಾದರೂ ಕಲೆಯಿಲ್ಲದ್ದೇ? ಹದ್ದು ಮಾಂಸ ತಿನ್ನುತ್ತದೆ, ಉಳಿಸಬೇಕೆಂದರೆ ದಿನವೂ ಕೋಳಿಮಾಂಸ ತರಬೇಕು. ದೆಹಲಿಯ ಕೆಂಪುಕೋಟೆಯ ಎದುರಿನ ಜೈನ ಪಕ್ಷಿ ಆಸ್ಪತ್ರೆ ಇದೇ ಕಾರಣಕ್ಕೆ ಬೇಟೆಹಕ್ಕಿಗಳನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುವುದಿಲ್ಲ. ಅದೇ ನಗರದಲ್ಲಿ ಮೊಹಮ್ಮದ್ ಸೌದ್, ನದೀಮ್ ಶೆಹಜಾದ್ ಎಂಬ ಅಣ್ಣತಮ್ಮಂದಿರು ಮನೆಯ ನೆಲಮಾಳಿಗೆಯಲ್ಲೇ ಹದ್ದುಗಳ ಆರೈಕೆಗೆ ನಿಂತರು. ಅವರ ಬದುಕನ್ನು ತೋರಿಸುವ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ 2022ರಲ್ಲಿ ಬಂತು. ಅದನ್ನು ನೋಡಿದ ಮೇಲೆ ಮಾಂಸದ ಪೊಟ್ಟಣ ಕೈಯಲ್ಲಿ ಹಿಡಿಯುವ ನನ್ನ ಹಿಂಜರಿಕೆ ಕಡಿಮೆಯಾಯಿತು.

ಒಂದು ಪ್ರಶ್ನೆಯನ್ನು ಮಾತ್ರ ಪ್ರತಿ ಸಲವೂ ನನಗೆ ನಾನೇ ಹಾಕಿಕೊಳ್ಳುತ್ತೇನೆ: ಮುಗಿಯಬೇಕಾದದ್ದು ಹಕ್ಕಿಯ ಸಂಕಟವೋ, ಅದನ್ನು ನೋಡಲಾರದ ನನ್ನ ಸಂಕಟವೋ? ಎರಡನೆಯದೆಂದು ಕಂಡರೆ ಇನ್ನೊಬ್ಬ ವೈದ್ಯರಿಗೆ ತೋರಿಸಿ ಎಂದು ಕೇಳುತ್ತೇನೆ. ಆ ಹದ್ದಿನ ವಿಷಯದಲ್ಲೂ ಕೇಳಿದೆ. ಇಬ್ಬರ ಮಾತೂ ಒಂದೇ ಆಗಿತ್ತು. ಒಪ್ಪಿದೆ.

ನಿಮಗೆ ಗಾಯಗೊಂಡ ಹಕ್ಕಿ ಸಿಕ್ಕರೆ ಆ ತೀರ್ಮಾನ ಮನೆಯಲ್ಲಿ ಮಾಡಬೇಡಿ. ಸಾಯುತ್ತದೆಂದು ನಮಗೆ ಕಂಡ ಎಷ್ಟೋ ಹಕ್ಕಿಗಳು ಬರೀ ಆಘಾತದಲ್ಲಿರುತ್ತವೆ. ದಾರವನ್ನು ಎಳೆಯಬೇಡಿ, ಎರಡೂ ಬದಿ ಕತ್ತರಿಸಿ. ಬಾಯಿಗೆ ನೀರು ಹೊಯ್ಯಬೇಡಿ, ಅದು ಶ್ವಾಸನಾಳಕ್ಕೆ ಇಳಿಯಬಹುದು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು ಅಂದೇ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಒಪ್ಪಿಸಿ. ಒಂದು ದಿನ ತಡವಾದರೆ ಕೂಡಿಕೊಳ್ಳಬಹುದಾಗಿದ್ದ ಮೂಳೆಯೂ ಒಣಗಿಹೋಗಬಹುದು.